ಗೋಡೆ ಸರಿಯುವ ಗಾಡಿ



ಹುಮನಾಬಾದದಲ್ಲಿ ಎರಡು ದೊಡ್ಡ ದಾರಿಗಳು ಕೂಡುತ್ತವೆ. ಒಂದು, ಪುಣೆಯಿಂದ ಹೊರಟು ಸೊಲ್ಲಾಪುರ, ಹುಮನಾಬಾದ, ಜಹೀರಾಬಾದ ದಾಟಿ ಹೈದರಾಬಾದಿಗೆ ಹೋಗಿ, ಅಲ್ಲಿಂದ ಮಚಲೀಪಟ್ಟಣದ ಕಡಲು ಮುಟ್ಟುವ 65ನೇ ರಾಷ್ಟ್ರೀಯ ಹೆದ್ದಾರಿ. ಹಳೆಯ ಚಾಲಕರಿಗೆ ಅದು ಇನ್ನೂ ಒಂಬತ್ತನೇ ನಂಬರಿನ ದಾರಿಯೇ. ಇನ್ನೊಂದು, ನಾಂದೇಡದಿಂದ ಬೀದರ, ಕಲಬುರಗಿ, ವಿಜಯಪುರ ಹಾದು ಚಿತ್ರದುರ್ಗಕ್ಕೆ ಇಳಿಯುವ 50ನೇ ಹೆದ್ದಾರಿ. ಬಸವಕಲ್ಯಾಣದ ಕಡೆಗೆ ತಿರುಗುವ ಸಸ್ತಾಪುರ ಬಂಗ್ಲಾದಲ್ಲಿ ನಿಂತು ನೋಡಿದರೆ ಲಾರಿಗೆ ಬೇಕಾದ ವಿದ್ಯೆಯೆಲ್ಲ ರಸ್ತೆ ಬದಿಗೇ ಸಿಗುತ್ತದೆ. ಕಮಾನು ಕಟ್ಟುವವರು, ಬಾಡಿ ಕಟ್ಟುವವರು, ವೆಲ್ಡಿಂಗಿನವರು, ಲೇತಿನವರು, ಟಿಪ್ಪರಿನ ಜಾಕು ಬಿಚ್ಚಿ ಹೊಸ ಸೀಲು ಕೂರಿಸುವವರು. ಇಂಥ ಉಸ್ತಾದರ ಕೈಗೆ ಬಾರದ ಗಾಡಿ ಯಾವುದಿದೆ ಎಂದು ಯಾರಾದರೂ ಕೇಳಿದರೆ, ಒಂದಿದೆ ಎನ್ನುತ್ತೇನೆ. ಇವತ್ತಿನ ಮಾತು ಅದರ ಮೇಲೆ.

ಅದು ಗೋಡೆ ಸರಿಯುವ ಗಾಡಿ. ರಸ್ತೆಯ ಮೇಲೆ ಓಡುವಾಗ ಉಳಿದ ಬಸ್ಸಿನ ಹಾಗೆಯೇ ಇರುತ್ತದೆ. ನಿಂತ ಮೇಲೆ ಒಂದು ಗುಂಡಿ ಒತ್ತಿದರೆ ಪಕ್ಕದ ಗೋಡೆಯ ಒಂದು ಭಾಗ ಎರಡು ಮೂರು ಅಡಿ ಹೊರಗೆ ಚಾಚಿಕೊಳ್ಳುತ್ತದೆ. ಅದರ ಜೊತೆಗೆ ಸೋಫಾ, ಮಂಚ, ಕೆಲವೊಮ್ಮೆ ಅಡುಗೆ ಕಟ್ಟೆ ಕೂಡ ಹೊರಗೆ ಹೋಗಿ, ನಡುವೆ ಒಂದು ಪುಟ್ಟ ಹಾಲ್ ಆಗುತ್ತದೆ. ಇಂಗ್ಲಿಷಿನಲ್ಲಿ ಸ್ಲೈಡ್ ಔಟ್ ಎನ್ನುತ್ತಾರೆ. ಅಮೆರಿಕದ ಇಂಡಿಯಾನಾ ರಾಜ್ಯದ ನ್ಯೂಮಾರ್ ಕಂಪನಿ 1990ರಲ್ಲಿ ತನ್ನ ಮೋಟಾರು ಮನೆಗಳಿಗೆ ಇದನ್ನು ಜೋಡಿಸಿದ ಮೇಲೆ ಅಲ್ಲಿ ಇದು ವಾಡಿಕೆಯೇ ಆಯಿತು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಸಿನಿಮಾ ತಾರೆಯರ ವ್ಯಾನಿಟಿ ವ್ಯಾನುಗಳಲ್ಲಿ. ಮುಂಬೈ ಒಂದು ಚಿತ್ರನಗರಿ, ಹೈದರಾಬಾದ ಇನ್ನೊಂದು. ಎರಡರ ನಡುವಿನ ದಾರಿ ನಮ್ಮ ಮನೆ ಮುಂದಿನದು. ಈಚೆಗೆ ಕ್ಯಾರವಾನ್ ಪ್ರವಾಸದ ಮಾತೂ ಬಂದಿದೆ. ಕೇರಳ ಸರಕಾರ 2021ರಲ್ಲಿ ಅದಕ್ಕೆಂದೇ ಒಂದು ನೀತಿ ತಂದಿತು. ಅದೇ ವರ್ಷದ ಜನವರಿಯಲ್ಲಿ ಬಸವಕಲ್ಯಾಣದ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಕೋಟೆ ನೋಡಲು, 108 ಅಡಿಯ ಬಸವಣ್ಣನವರ ಮೂರ್ತಿ ನೋಡಲು, ಹುಮನಾಬಾದದ ವೀರಭದ್ರೇಶ್ವರನಿಗೆ, ಮಾಣಿಕನಗರದ ಮಾಣಿಕಪ್ರಭುಗಳಿಗೆ ನಡೆದುಕೊಳ್ಳಲು ಬರುವವರಲ್ಲಿ ನಾಳೆ ನಾಲ್ಕು ಮಂದಿ ಮನೆಯನ್ನೇ ಗಾಡಿಯ ಮೇಲೆ ತಂದರೆ ಆಶ್ಚರ್ಯವಿಲ್ಲ. ಅವರ ಗೋಡೆ ನಮ್ಮ ಊರಲ್ಲಿ ಸಿಕ್ಕಿಹಾಕಿಕೊಂಡರೆ ಯಾರು ಬಿಡಿಸಬೇಕು? ನಮ್ಮ ಉಸ್ತಾದರೇ.

ಗೋಡೆ ಯಾಕೆ ಸರಿಯಬೇಕು ಅನ್ನುವುದನ್ನು ಮೊದಲು ತಿಳಿಯಬೇಕು. ನಮ್ಮ ಮೋಟಾರು ನಿಯಮದ ಪ್ರಕಾರ ಗಾಡಿಯ ಅಗಲ 2.6 ಮೀಟರು ಮೀರಬಾರದು. ಮನೆಗೆ ಅದು ಸಾಲದು. ದಾರಿಗೆ ಬೇಕಾದ ಅಗಲ ಬೇರೆ, ಮನುಷ್ಯನಿಗೆ ಬೇಕಾದ ಅಗಲ ಬೇರೆ. ಈ ಜಗಳ ಬಿಡಿಸಲು ಹೂಡಿದ ಉಪಾಯ ಇದು. ಮೇಜಿನ ಖಾನೆ ಎಳೆದ ಹಾಗೆ ಒಂದು ದೊಡ್ಡ ಪೆಟ್ಟಿಗೆ ಹಳಿಗಳ ಮೇಲೆ ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ. ಖಾನೆ ಸ್ವಲ್ಪ ಓರೆಯಾಗಿ ಎಳೆದರೆ ಹೇಗೆ ಕಚ್ಚಿಕೊಳ್ಳುತ್ತದೋ ಇದೂ ಹಾಗೆಯೇ. ಆದರೆ ಇಲ್ಲಿ ಖಾನೆಯ ತೂಕ ನೂರಾರು ಕಿಲೋ. ಅದನ್ನು ನೂಕುವ ಮೋಟಾರಿಗೆ ಕಣ್ಣಿಲ್ಲ. ಕಚ್ಚಿಕೊಂಡರೂ ನೂಕುತ್ತಲೇ ಇರುತ್ತದೆ.

ನೂಕುವ ಬಗೆ ನಾಲ್ಕು. ತಳದಲ್ಲಿ ಹಲ್ಲಿನ ಪಟ್ಟಿ, ಅದರ ಮೇಲೆ ಉರುಳುವ ಗೇರು ಇರುವುದು ಒಂದು. ಲೇತ್ ಮಶೀನಿನ ಕ್ಯಾರೇಜು ಬೆಡ್ಡಿನ ಮೇಲೆ ಓಡುವುದೂ ಇದೇ ಲೆಕ್ಕದಲ್ಲಿ, ಆದ್ದರಿಂದ ಲೇತಿನವನಿಗೆ ಇದನ್ನು ಬಿಡಿಸಿ ಹೇಳುವ ಕೆಲಸವಿಲ್ಲ. ಎರಡನೆಯದರಲ್ಲಿ ಅದೇ ಹಲ್ಲುಪಟ್ಟಿ ಪೆಟ್ಟಿಗೆಯ ಎರಡೂ ಪಕ್ಕದ ಗೋಡೆಯಲ್ಲಿ ಕೂತಿರುತ್ತದೆ. ಪಟ್ಟಿ ಅಲ್ಯುಮಿನಿಯಂನದು, ಪಕ್ಕಕ್ಕೊಂದು ಸಣ್ಣ ಮೋಟಾರು, ಎರಡನ್ನೂ ಒಂದೇ ಹೆಜ್ಜೆಯಲ್ಲಿ ನಡೆಸಲು ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಮೂರನೆಯದು ಉಕ್ಕಿನ ತಂತಿಹಗ್ಗ ಮತ್ತು ರಾಟೆಗಳದು. ನಾಲ್ಕನೆಯದು ಎಣ್ಣೆಯ ಒತ್ತಡದ್ದು, ಅಂದರೆ ಟಿಪ್ಪರಿನ ತಮ್ಮ.

ಗೋಡೆ ಕೆಡುವುದು ಓಡಿ ಸವೆದು ಅಂತ ಜನ ತಿಳಿಯುತ್ತಾರೆ. ಲಾರಿ ಹಾಗೆ ಸವೆಯುತ್ತದೆ ನಿಜ. ಈ ಗೋಡೆ ದಿನಕ್ಕೆ ಒಂದು ಸಲ ಹೊರಗೆ, ಒಂದು ಸಲ ಒಳಗೆ, ಎಷ್ಟು ಸವೆದೀತು? ಇದನ್ನು ಕೆಡಿಸುವುದು ಧೂಳು, ನೀರು, ಕಡಿಮೆ ಕರೆಂಟು, ಓರೆ ನೆಲ. ಐದನೆಯದನ್ನು ಹೇಳಿದರೆ ನನ್ನ ಗ್ಯಾರೇಜು ಗೆಳೆಯರು ಸಿಟ್ಟಾಗಬಹುದು. ಹೇಳಿಯೇ ಬಿಡುತ್ತೇನೆ: ಲಾರಿಗೆ ಜೀವ ಕೊಡುವ ನಮ್ಮ ಒಳ್ಳೆಯ ಅಭ್ಯಾಸಗಳು. ಗ್ರೀಸು, ಡೀಸೆಲ್, ಗಟ್ಟಿ ಬೋಲ್ಟು. ಲಾರಿಯ ಕೆಳಗೆ ಈ ಮೂರೂ ದೇವರು. ಈ ಗೋಡೆಗೆ ಮೂರೂ ವೈರಿಗಳು.

ಗ್ರೀಸಿನ ಮಾತು ಮೊದಲು. ಕಮಾನಿನ ಪಿನ್ನಿಗೆ ನಿಪ್ಪಲ್ಲಿನಿಂದ ಗ್ರೀಸು ಒತ್ತಿದರೆ ಹಳೆಯದು ಹೊಲಸನ್ನು ಎತ್ತಿಕೊಂಡು ಹೊರಗೆ ಬರುತ್ತದೆ, ಹೊಸದು ಒಳಗೆ ಕೂರುತ್ತದೆ. ಅದು ಮುಚ್ಚಿದ ಜಾಗ. ಗೋಡೆಯ ಹಲ್ಲುಪಟ್ಟಿಯೋ ಬಯಲಿಗೆ ತೆರೆದದ್ದು. ನಮ್ಮ ಬೀದರ ಸೀಮೆಯ ನೆಲ ಎಂಥದು ಎಂದು ನಿಮಗೆ ಹೇಳಬೇಕಾಗಿಲ್ಲ. ಮೇಲಿನ ಬಯಲಲ್ಲಿ ಜಂಬಿಟ್ಟಿಗೆಯ ಕೆಂಪು ಧೂಳು, ತಗ್ಗಿಗೆ ಇಳಿದರೆ ಎರೆಮಣ್ಣಿನ ಕಪ್ಪು ಧೂಳು. ಬಯಲಿಗಿರುವ ಹಲ್ಲಿಗೆ ಗ್ರೀಸು ಬಳಿದರೆ ಅದು ಈ ಧೂಳನ್ನೆಲ್ಲ ಹಿಡಿದು ಸಾಣೆಯ ಮಸಿ ಆಗುತ್ತದೆ. ಉಕ್ಕಿನ ಗೇರು ಅಲ್ಯುಮಿನಿಯಂ ಪಟ್ಟಿಯ ಮೇಲೆ ಆ ಮಸಿಯಲ್ಲಿ ಓಡಿದರೆ ಒಂದೆರಡು ಬೇಸಿಗೆಗೆ ಹಲ್ಲು ಚೂಪಾಗಿ ಹೋಗುತ್ತವೆ. ಇಲ್ಲಿ ಬೇಕಾದದ್ದು ಒಣ ಲೇಪ. ಪಿಟಿಎಫ್‌ಇ ಎನ್ನುವ ಪದಾರ್ಥದ ಸ್ಪ್ರೇ ಸಿಗುತ್ತದೆ. ಹೊಡೆದ ಸ್ವಲ್ಪ ಹೊತ್ತಿಗೆ ಆರಿ ತೆಳ್ಳನೆಯ ಪೊರೆ ಉಳಿಯುತ್ತದೆ, ಧೂಳು ಅಂಟುವುದಿಲ್ಲ. ಅದಕ್ಕೂ ಮೊದಲು ಒಣ ಬ್ರಶ್ಶಿನಿಂದ ಹಲ್ಲಿನ ಸಂದು ತಿಕ್ಕಿ, ಬಟ್ಟೆಯಿಂದ ಒರೆಸಬೇಕು. ತಿಕ್ಕದೆ ಸ್ಪ್ರೇ ಹೊಡೆದರೆ ಧೂಳಿಗೇ ಬಣ್ಣ ಬಳಿದ ಹಾಗೆ.

ಇನ್ನು ಡೀಸೆಲ್. ಬಿಚ್ಚಿದ ಯಾವ ಸಾಮಾನನ್ನೂ ಡೀಸೆಲ್ ಡಬ್ಬಿಯಲ್ಲಿ ಅದ್ದದೆ ನಮ್ಮ ಗ್ಯಾರೇಜಿನಲ್ಲಿ ಕೆಲಸ ಶುರುವಾಗುವುದಿಲ್ಲ. ಎಂಜಿನ್ನಿನ ಆಯಿಲ್ ಸೀಲುಗಳು ನೈಟ್ರೈಲಿನಂಥ ರಬ್ಬರಿನವು, ಎಣ್ಣೆ ತಾಳುತ್ತವೆ. ಗೋಡೆಯ ಸುತ್ತ ಬರುವ ರಬ್ಬರು ಬಹಳ ಸಲ ಇಪಿಡಿಎಂ ಜಾತಿಯದು. ಬಿಸಿಲು ತಾಳುತ್ತದೆ, ಮಳೆ ತಾಳುತ್ತದೆ, ಡೀಸೆಲ್ ತಾಳುವುದಿಲ್ಲ. ಡೀಸೆಲ್, ಸೀಮೆಎಣ್ಣೆ, ಪೆಟ್ರೋಲು ಯಾವುದು ತಾಗಿದರೂ ಉಬ್ಬಿ ಮೆತ್ತಗಾಗುತ್ತದೆ. ಮುಖಕ್ಕೆ ಹಚ್ಚುವ ವ್ಯಾಸಲೀನೂ ಪೆಟ್ರೋಲಿಯಂ ಸಂತಾನವೇ, ಅದೂ ಬೇಡ. ಸೋಪಿನ ನೀರು, ಮೆತ್ತನೆಯ ಬಟ್ಟೆ, ಒಣಗಿದ ಮೇಲೆ ರಬ್ಬರಿಗೆಂದೇ ಬರುವ ಸಿಲಿಕೋನ್ ಲೇಪ. ಇಷ್ಟೇ.

ಈ ರಬ್ಬರಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಗಾಡಿಯ ಆಯುಷ್ಯ ಮೋಟಾರಿನಲ್ಲಲ್ಲ, ಇಲ್ಲಿದೆ. ರಬ್ಬರು ಎರಡು ತರಹ. ಒಂದು ಟೊಳ್ಳು ಕೊಳವೆಯಂಥದು. ಗೋಡೆ ಪೂರ್ತಿ ಹೊರಗೆ ಅಥವಾ ಪೂರ್ತಿ ಒಳಗೆ ಬಂದಾಗ ಒತ್ತಿ ಕೂತು ನೀರು ತಡೆಯುತ್ತದೆ. ಇನ್ನೊಂದು ನಾಲಿಗೆಯಂಥದು, ಗೋಡೆ ಸರಿಯುವಾಗ ಅದರ ಮೈ ಒರೆಸುತ್ತ ಹೋಗುತ್ತದೆ. ನಮ್ಮ ಬೇಸಿಗೆಯಲ್ಲಿ ನಿಲ್ಲಿಸಿಯೇ ಬಿಟ್ಟ ಗಾಡಿಯ ಕೊಳವೆ ರಬ್ಬರು ಒತ್ತಿದಲ್ಲೇ ಚಪ್ಪಟೆಯಾಗಿ ಮತ್ತೆ ಏಳುವುದಿಲ್ಲ. ನಾಲಿಗೆ ರಬ್ಬರು ಮೂಲೆಯಲ್ಲಿ ಮಡಿಚಿ ಒಳಮುಖವಾಗಿ ನಿಲ್ಲುತ್ತದೆ. ಗೋಡೆ ಹೊರಗೆ ಹೋದ ಮೇಲೆ ಸುತ್ತಲೂ ಒಂದು ಸಲ ಬೆರಳಾಡಿಸಿ ಅದನ್ನು ಹೊರಮುಖ ಮಾಡಬೇಕು. ಈ ಕೆಲಸಕ್ಕೆ ಉಸ್ತಾದ ಬೇಡ, ಯಜಮಾನರ ಬೆರಳೇ ಸಾಕು.

ಅಲಕ್ಷ್ಯ ಮಾಡಿದರೆ ಮೃಗಶಿರಾ ಮಳೆಗೆ ನೀರು ಒಳಗೆ ಇಳಿಯುತ್ತದೆ, ಪೆಟ್ಟಿಗೆಯ ತಳದ ಪ್ಲೈವುಡ್ಡಿನ ಅಂಚು ಹೀರಿಕೊಳ್ಳುತ್ತದೆ. ಮೇಲೆ ಹಾಸು ಚೆಂದವೇ ಇರುತ್ತದೆ. ಕೆಳಗಿನಿಂದ ಸ್ಕ್ರೂಡ್ರೈವರಿನ ತುದಿ ಒತ್ತಿ ನೋಡಿ. ಒಳಗೆ ಇಳಿದರೆ ಹಲಗೆ ಕೊಳೆತಿದೆ. ತಳ ಕೊಳೆತು ಬಾಗಿದ ಪೆಟ್ಟಿಗೆ ಹಳಿಯ ಮೇಲೆ ಓರೆಯಾಗುತ್ತದೆ, ಓರೆಯಾದದ್ದನ್ನು ಮೋಟಾರು ನೂಕಿ ಸುಟ್ಟುಕೊಳ್ಳುತ್ತದೆ. ಆಮೇಲೆ ಮೋಟಾರು ಬದಲಿಸುತ್ತಾರೆ, ಅದೂ ಸುಡುತ್ತದೆ. ರೋಗ ಹಲಗೆಯಲ್ಲಿ, ಔಷಧ ಮೋಟಾರಿಗೆ.

ಮೂರನೆಯದು ಗಟ್ಟಿ ಬೋಲ್ಟು. ಹಲ್ಲುಪಟ್ಟಿಯ ಕೆಲವು ಯಂತ್ರಗಳಲ್ಲಿ ಮೋಟಾರಿಗೂ ಗೇರಿನ ಸಲಾಕೆಗೂ ನಡುವೆ ಒಂದು ಬೋಲ್ಟೋ ಪಿನ್ನೋ ಇರುತ್ತದೆ. ಬೇಕೆಂದೇ ಮೆತ್ತನೆಯ ಉಕ್ಕಿನಲ್ಲಿ ಮಾಡಿದ್ದು. ಗೋಡೆಗೆ ಏನಾದರೂ ಅಡ್ಡ ಬಂದಾಗ ಅದು ಕತ್ತರಿಸಿಹೋಗಿ ಮೋಟಾರು ಬರಿದೇ ತಿರುಗಲಿ, ಹಲ್ಲು ಉಳಿಯಲಿ ಎಂಬುದು ಲೆಕ್ಕ. ನಮ್ಮ ಹುಡುಗರು ಮುರಿದ ಬೋಲ್ಟು ನೋಡಿದ ಕೂಡಲೇ ಮಾಡುವುದೇನು? ತಲೆಯ ಮೇಲೆ 8.8 ಅಥವಾ 10.9 ಎಂದು ಒತ್ತಿರುವ ಹೈಟೆನ್ಸಿಲ್ ಬೋಲ್ಟು ಹಾಕಿ, "ಇನ್ನ ನೂರು ವರ್ಷ ಮುರಿಯಂಗಿಲ್ಲ ನೋಡ್ರಿ" ಎಂದು ಬೆನ್ನು ತಟ್ಟಿಕೊಳ್ಳುವುದು. ಬೋಲ್ಟು ಮುರಿಯುವುದಿಲ್ಲ, ಸತ್ಯ. ಮುಂದಿನ ಸಲ ಗೇರಿನ ಹಲ್ಲೇ ಉದುರುತ್ತದೆ. ಬೋಲ್ಟು ಹತ್ತಿರದ ಅಂಗಡಿಯಲ್ಲಿ ಸಿಗುತ್ತದೆ, ಆ ಗೇರು ಮುಂಬೈಯಿಂದಲೋ ಹಡಗಿನಲ್ಲೋ ಬರಬೇಕು. ಮುರಿಯುವುದೇ ಕೆಲಸವಾಗಿರುವ ಸಾಮಾನಿಗೆ ಮುರಿಯಲು ಬಿಡಬೇಕು. ಮುರಿದ ತುಂಡಿನ ದಪ್ಪ, ಉದ್ದ, ತಲೆಯ ಮೇಲಿನ ನಂಬರು ನೋಡಿ ಅಂಥದ್ದನ್ನೇ ಹಾಕಬೇಕು, ಜೊತೆಗೆ ಎರಡು ಬಿಡಿ ಬೋಲ್ಟು ಗಾಡಿಯಲ್ಲಿ ಕಟ್ಟಿ ಇಡಬೇಕು.

ಈಗ ಒಂದು ಪ್ರಸಂಗ ಇಟ್ಟುಕೊಳ್ಳೋಣ. ಗಾಡಿ ಹುಮನಾಬಾದದ ಹೊರಗೆ ಢಾಬಾದ ಮುಂದೆ ನಿಂತಿದೆ. ಗೋಡೆ ಹೊರಗೆ ಇದೆ, ಒಳಗೆ ಬರುತ್ತಿಲ್ಲ.

"ಏನಾಗ್ಯದ್ರಿ ಅಣ್ಣಾ?"

"ಕೋಣಿ ಒಳಗ ಬರವಲ್ದು ಉಸ್ತಾದ. ಒಂದು ಬದಿ ಬರ್ತದ, ಇನ್ನೊಂದು ಬದಿ ನಿಂತೇ ಅದ."

ಇಲ್ಲಿ ಜಾಣ ಉಸ್ತಾದ ಪಾನಾ ಹಿಡಿಯುವುದಿಲ್ಲ, ನಾಲ್ಕು ಮಂದಿ ಕೂಡಿ ನೂಕಿ ಎಂದೂ ಹೇಳುವುದಿಲ್ಲ. ಕಿವಿ ಕೊಡುತ್ತಾನೆ. ಗುಂಡಿ ಒತ್ತಿದಾಗ ಬರೀ ಟಿಕ್ ಅಂದರೆ ರಿಲೇ ಕೂಗುತ್ತಿದೆ, ಮೋಟಾರಿಗೆ ಕರೆಂಟು ಸಾಲುತ್ತಿಲ್ಲ. ಮೋಟಾರು ಹಗುರವಾಗಿ ಗಿರ್ರನೆ ತಿರುಗಿ ಗೋಡೆ ಅಲ್ಲಾಡದಿದ್ದರೆ ಆ ಮೆತ್ತನೆಯ ಬೋಲ್ಟು ಹೋಗಿದೆ. ಮೋಟಾರು ಹೂಂಕರಿಸಿ ನಿಂತರೆ ಅಡ್ಡ ಏನೋ ಸಿಕ್ಕಿದೆ. ಆಗ ಕೈ ತೆಗೆದು ಹುಡುಕಬೇಕು. ಒಳಗೆ ಮಂಚದ ಕೆಳಗೆ ಚಪ್ಪಲಿ, ಉರುಳಿದ ನೀರಿನ ಬಾಟಲಿ, ಬಾಯಿ ತೆರೆದ ಕಪಾಟಿನ ಬಾಗಿಲು. ಹೊರಗೆ ಛಾವಣಿಯ ಮೇಲೆ ಬೇವಿನ ಎಲೆಯ ರಾಶಿ, ಜಾಲಿಯ ಟೊಂಗೆ. ಗೋಡೆ ಒಳಗೆ ತರುವ ಮೊದಲು ಅದರ ತಲೆಯನ್ನು ಏಣಿ ಹಾಕಿ ಗುಡಿಸುವುದು ಕಡ್ಡಾಯ. ಇಲ್ಲದಿದ್ದರೆ ಜಾಲಿ ಮುಳ್ಳು ರಬ್ಬರು ಸೀಳುತ್ತದೆ, ನಿಂತ ನೀರು ಸೋಫಾದ ಮೇಲೆ ಸುರಿಯುತ್ತದೆ.

ನೆಲವನ್ನೂ ನೋಡಬೇಕು. ಹೆದ್ದಾರಿಯ ಅಂಚು ಇಳಿಜಾರು. ಒಂದು ಗಾಲಿ ಡಾಂಬರಿನ ಮೇಲೆ, ಒಂದು ಗಾಲಿ ಎರೆಮಣ್ಣಿನ ಮೇಲೆ ನಿಂತರೆ ಚಾಸಿ ತಿರುಚುತ್ತದೆ, ಚೌಕ ಇದ್ದ ಬಾಗಿಲು ಓರೆಯಾಗುತ್ತದೆ. ಜಾಕಿನ ಕಾಲು ಹಸಿ ಎರೆಯಲ್ಲಿ ಇಳಿಯದ ಹಾಗೆ ಕೆಳಗೆ ದಪ್ಪ ಹಲಗೆ ಇಟ್ಟು ಗಾಡಿ ಸಮ ಮಾಡಿದರೆ ಎಷ್ಟೋ ಸಲ ಗೋಡೆ ತಾನಾಗಿಯೇ ಒಳಗೆ ಬರುತ್ತದೆ, ಮಿಸ್ತ್ರಿಯ ಕೂಲಿಯೂ ಉಳಿಯುತ್ತದೆ.

ಪಕ್ಕಕ್ಕೊಂದು ಮೋಟಾರಿರುವ ಗೋಡೆಯಲ್ಲಿ ಒಂದು ಬದಿ ಮುಂದೆ, ಒಂದು ಬದಿ ಹಿಂದೆ ಇದ್ದರೆ ಎರಡು ಮೋಟಾರುಗಳ ಹೆಜ್ಜೆ ತಪ್ಪಿದೆ ಎಂದು ಅರ್ಥ. ನಡುದಾರಿಯಲ್ಲಿ ಹಿಂದೆ ಮುಂದೆ ಗುಂಡಿ ಒತ್ತುತ್ತ ಆಡಿದರೆ ಹೆಜ್ಜೆ ಇನ್ನಷ್ಟು ತಪ್ಪುತ್ತದೆ. ಒಂದೇ ದಿಕ್ಕಿಗೆ ಕೊನೆಯ ತನಕ ಓಡಿಸಿ, ಮೋಟಾರು ನಿಂತ ಮೇಲೂ ಕೆಲವು ಸೆಕೆಂಡು ಗುಂಡಿ ಹಿಡಿದೇ ಇದ್ದರೆ ಹಿಂದುಳಿದದ್ದು ಬಂದು ಕೂಡಿಕೊಳ್ಳುತ್ತದೆ. ಆಮೇಲೆ ನಾಲ್ಕೂ ಮೂಲೆಯ ಸಂದನ್ನು ಟೇಪಿನಿಂದ ಅಳೆದು ಸಮವಿದೆಯೇ ಎಂದು ನೋಡಬೇಕು. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ.

ಕರೆಂಟಿನ ವಿಷಯ ಎಲ್ಲಕ್ಕಿಂತ ಮುಖ್ಯ. ನಮ್ಮ ದೊಡ್ಡ ಲಾರಿ, ಬಸ್ಸುಗಳದು 24 ವೋಲ್ಟು. 12ರ ಎರಡು ಬ್ಯಾಟರಿ ಸಾಲಾಗಿ ಕೂಡಿರುತ್ತವೆ. ಹೊರದೇಶದಿಂದ ಬರುವ ಗೋಡೆಯ ಯಂತ್ರಗಳು ಹೆಚ್ಚಾಗಿ 12 ವೋಲ್ಟಿನವು. ನೇರ ಕೂಡಿಸಿದರೆ ಮೋಟಾರು ಮತ್ತು ಎಲೆಕ್ಟ್ರಾನಿಕ್ ಪೆಟ್ಟಿಗೆ ಎರಡೂ ಸುಡುತ್ತವೆ. ಇದು ಎಲ್ಲರಿಗೂ ಗೊತ್ತು ಅಂತ ಕೆಲವರು ಎರಡರಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟು ಕದಿಯುತ್ತಾರೆ. ಟೇಪ್ ರೆಕಾರ್ಡರಿಗೆ ನಮ್ಮವರು ಹಿಂದಿನಿಂದ ಮಾಡಿಕೊಂಡು ಬಂದ ಜುಗಾಡು ಅದು. ಗೋಡೆಯ ಮೋಟಾರು ಹತ್ತಾರು ಆಂಪಿಯರು ಎಳೆಯುತ್ತದೆ. ಹಾಗೆ ಎಳೆದ ಬ್ಯಾಟರಿ ಅರೆಹೊಟ್ಟೆಯಲ್ಲಿ ಸಾಯುತ್ತದೆ, ಜೊತೆಯದು ಅತಿಯಾಗಿ ಚಾರ್ಜಾಗಿ ಕುದಿಯುತ್ತದೆ. ಮನೆಯ ಭಾಗಕ್ಕೆ ಬೇರೆಯೇ 12 ವೋಲ್ಟಿನ ಬ್ಯಾಟರಿ ಇರಬೇಕು, ಇಲ್ಲವೇ 24ನ್ನು 12 ಮಾಡುವ ತಕ್ಕ ಶಕ್ತಿಯ ಕನ್ವರ್ಟರು ಬೇಕು.

ಟೆಸ್ಟ್ ಲ್ಯಾಂಪನ್ನು ನಂಬಬೇಡಿ. ಅದು 10 ವೋಲ್ಟಿಗೂ ಉರಿಯುತ್ತದೆ, ಮೋಟಾರು ಮಾತ್ರ ಏದುಸಿರು ಬಿಡುತ್ತದೆ. ಮೀಟರು ಹಿಡಿಯಿರಿ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ತೋರಿಸುತ್ತದೆ, 12.2ಕ್ಕೆ ಬಂದರೆ ಅರ್ಧ ಖಾಲಿ. ಗೋಡೆ ಓಡುತ್ತಿರುವಾಗಲೇ ಬ್ಯಾಟರಿಯ ತುದಿಯಲ್ಲಿ ಒಮ್ಮೆ, ಮೋಟಾರಿನ ತುದಿಯಲ್ಲಿ ಒಮ್ಮೆ ಅಳೆಯಿರಿ. ಅಲ್ಲಿ 12, ಇಲ್ಲಿ 10 ಇದ್ದರೆ ನಡುವಿನ ಎರಡು ವೋಲ್ಟನ್ನು ತುಕ್ಕು ತಿನ್ನುತ್ತಿದೆ. ಬಹಳ ಸಲ ಅದು ಚಾಸಿಗೆ ಕಚ್ಚಿದ ಅರ್ಥಿಂಗಿನ ಬೋಲ್ಟು. ಉಜ್ಜಿ ಬಿಗಿದರೆ ಸತ್ತ ಮೋಟಾರು ಎದ್ದು ಕೂರುತ್ತದೆ. ಗೋಡೆ ಸರಿಸುವಾಗ ಎಂಜಿನ್ನಿನಿಂದಲೋ ಚಾರ್ಜರಿನಿಂದಲೋ ಆ ಬ್ಯಾಟರಿಗೆ ಕರೆಂಟು ಬರುತ್ತಿದ್ದರೆ ಇನ್ನೂ ಒಳ್ಳೆಯದು. ಎಂಜಿನ್ ಶುರು ಮಾಡಿದಾಗ ಗೋಡೆ ಸರಿಯಲು ಬಿಡದ ಗಾಡಿಗಳೂ ಉಂಟು, ಅದನ್ನು ಕೈಪಿಡಿಯಲ್ಲಿ ನೋಡಬೇಕು.

ಎಣ್ಣೆಯ ಗೋಡೆಯ ಬಗ್ಗೆ ಟಿಪ್ಪರಿನವರಿಗೆ ನಾನು ಹೇಳಬೇಕಾದದ್ದು ಕಡಿಮೆ. ಎಣ್ಣೆಯ ಮಟ್ಟ ನೋಡುವುದು ಗೋಡೆ ಮತ್ತು ಜಾಕು ಎಲ್ಲ ಒಳಗೆ ಬಂದ ಮೇಲೆ. ಹೊರಗೆ ಇದ್ದಾಗ ಟ್ಯಾಂಕಿ ತುಂಬಿದರೆ ಒಳಗೆ ಬಂದಾಗ ಉಕ್ಕಿ ಹರಿಯುತ್ತದೆ. ಹಲವು ಯಂತ್ರಗಳಿಗೆ ಗೇರ್‌ಬಾಕ್ಸಿನ ಎಟಿಎಫ್ ಎಣ್ಣೆಯೇ ಬೇಕು. ಬ್ರೇಕ್ ಆಯಿಲ್ ಬೆರೆತರೆ ಒಳಗಿನ ಸೀಲು ಕೆಡುತ್ತದೆ. ಸೋರಿಕೆ ಹುಡುಕಲು ಪೈಪಿನ ಮೇಲೆ ಬರಿಗೈ ಆಡಿಸಬೇಡಿ, ರಟ್ಟಿನ ತುಂಡು ಆಡಿಸಿ. ಕಣ್ಣಿಗೆ ಕಾಣದ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೋಗುತ್ತದೆ. ಚುಚ್ಚಿದ ಗುರುತು ಸೂಜಿಯಷ್ಟಿರುತ್ತದೆ, ನೋವೂ ಮೊದಲು ಇರಲಿಕ್ಕಿಲ್ಲ. ಆದರೂ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಬೆರಳು ಹೋಗುತ್ತದೆ.

ಕೈಯ ಮಾತು ಬಂದಿದ್ದರಿಂದ ಇದನ್ನೂ ಹೇಳುತ್ತೇನೆ. ಗೋಡೆಯ ಕೆಳಗೆ ತೂರಿ ಕೆಲಸ ಮಾಡುವಾಗ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಗೋಡೆಯ ಫ್ಯೂಸು ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ಮೇಲೆ ಯಾರೋ ಹುಡುಗ ಕುತೂಹಲಕ್ಕೆ ಗುಂಡಿ ಒತ್ತಿದರೆ ಆ ಯಂತ್ರ ಬೆರಳನ್ನೂ ಬೇವಿನ ಕಡ್ಡಿಯನ್ನೂ ಒಂದೇ ಎಂದು ತಿಳಿಯುತ್ತದೆ.

ಏನು ಮಾಡಿದರೂ ಆಗದಿದ್ದರೆ ಗೋಡೆಯನ್ನು ಕೈಯಿಂದ ಒಳಗೆ ತರುವ ದಾರಿ ಹೆಚ್ಚಿನ ಯಂತ್ರಗಳಲ್ಲಿ ಇಟ್ಟಿರುತ್ತಾರೆ. ಮೋಟಾರಿನ ಹಿಂದೆ ಬ್ರೇಕು ಬಿಡಿಸುವ ಸಣ್ಣ ಲಿವರು, ಸಲಾಕೆಯ ತುದಿಗೆ ಹ್ಯಾಂಡಲು ಹಾಕುವ ಜಾಗ, ಎಣ್ಣೆಯದಾದರೆ ಕೈಯಿಂದ ತೆರೆಯುವ ವಾಲ್ವು. ಎರಡು ಕಡೆ ಹ್ಯಾಂಡಲು ಇದ್ದರೆ ಇಬ್ಬರು ನಿಂತು ಸುತ್ತು ಎಣಿಸುತ್ತ ಒಟ್ಟಿಗೆ ತಿರುಗಿಸಬೇಕು. ಒಳಗೆ ಬಂದ ಮೇಲೆ ಮರೆಯುವುದು ಇಲ್ಲಿಯೇ: ಬಿಡಿಸಿದ ಬ್ರೇಕನ್ನು ಮತ್ತೆ ಹಾಕಬೇಕು, ತೆರೆದ ವಾಲ್ವನ್ನು ಮತ್ತೆ ಮುಚ್ಚಬೇಕು. ಹಾಗೆಯೇ ಬಿಟ್ಟು ಹೊರಟರೆ ತಿರುವಿನಲ್ಲಿ ಗೋಡೆ ತಾನೇ ಹೊರಗೆ ತೆವಳುತ್ತದೆ, ಪಕ್ಕದಲ್ಲಿ ಕಬ್ಬಿನ ಟ್ರ್ಯಾಕ್ಟರೋ ಮೋಟರ್ ಸೈಕಲ್ಲೋ ಇರುತ್ತದೆ. ಲಾಕಿನ ಸಲಾಕೆ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಒಳಗಿನಿಂದ ಮರದ ತುಂಡು ಕೊಟ್ಟು ಬಿಗಿದು ಗಾಡಿ ಬಿಡಬೇಕು.

ಕೆಲವರಿಗೆ ಈ ಮಾತು ಕೇಳಿ ತಮ್ಮ ಹಳೆ ಬಸ್ಸಿಗೂ ಒಂದು ಗೋಡೆ ಕೂರಿಸೋಣ ಅನ್ನಿಸಬಹುದು. ಕಟ್ಟುವ ಕೈ ನಮ್ಮಲ್ಲಿದೆ. ಆದರೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ನೋಂದಣಿಯಾದ ಗಾಡಿಯ ಮೂಲ ಕಟ್ಟನ್ನು ಮನಸ್ಸಿಗೆ ಬಂದಂತೆ ಬದಲಿಸಲು ಬಿಡುವುದಿಲ್ಲ. ಪಕ್ಕದ ಗೋಡೆ ಕೊಯ್ದರೆ ಬಾಡಿಯ ಬಲವೇ ಹೋಗುತ್ತದೆ, ಅದು ಬೇರೆ ಮಾತು. ಬಾಡಿಗೆ ಕತ್ತರಿ ಹಾಕುವ ಮುನ್ನ ಬೀದರದ ಆರ್‌ಟಿಒ ಕಚೇರಿಗೆ ಹೋಗಿ ಕೇಳಿಬನ್ನಿ.

ದುರಸ್ತಿ ಮಾಡಿದ ಉಸ್ತಾದರು ಇಷ್ಟು ಮಾಡಿದರೆ ಮುಂದಿನ ಊರಿನ ಉಸ್ತಾದನಿಗೆ ಉಪಕಾರ. ಹಾಕಿದ ಬೋಲ್ಟಿನ ನಂಬರು, ಎಣ್ಣೆಯ ಹೆಸರು, ಮೋಟಾರು ಎಷ್ಟು ವೋಲ್ಟಿನದು, ಕೈ ಹ್ಯಾಂಡಲಿನ ಜಾಗ ಯಾವ ಕಡೆ ಎಂಬುದನ್ನು ಬಣ್ಣದಲ್ಲಿ ಮೋಟಾರಿನ ಮುಚ್ಚಳದ ಒಳಮೈಗೆ ಬರೆದಿಡಿ. ಕನ್ನಡದಲ್ಲಿ ಬರೆಯಿರಿ, ಕೆಳಗೆ ಹಿಂದಿಯಲ್ಲೂ ಬರೆಯಿರಿ. ಆ ಗಾಡಿ ಮುಂದೆ ಜಹೀರಾಬಾದದಲ್ಲಿ ನಿಂತೀತು, ಸೊಲ್ಲಾಪುರದಲ್ಲೂ ನಿಂತೀತು.